ನಳನಳಿಸುವುದು ಗಿಡ ಮಾತ್ರವೇ?

ಪ್ರಶ್ನೆ: ನಾನು ಒಂದು ಮಹಿಳಾ ಸ್ವಸಹಾಯ ಸಂಘದ ಕಾರ್ಯದರ್ಶಿ. ಸಂಘಕ್ಕೆ ಹತ್ತು ವರ್ಷ ತುಂಬಿದ ನೆನಪಿಗೆ ಸಣ್ಣದೊಂದು ಸ್ಮರಣ ಸಂಚಿಕೆ ತರುತ್ತಿದ್ದೇವೆ. ಮುನ್ನುಡಿಯಲ್ಲಿ ನಾನು ‘ನಮ್ಮ ಸಂಘ ಹತ್ತು ವರ್ಷಗಳಿಂದ ನಳನಳಿಸುತ್ತಿದೆ’ ಅಂತ ಬರೆದಿದ್ದೆ. ಕರಡು ನೋಡಿದ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಹೊಡೆದುಹಾಕಿ ‘ಅಭಿವೃದ್ಧಿ ಹೊಂದುತ್ತಿದೆ’ ಅಂತ ಮಾಡಿದರು. ‘ನಳನಳಿಸೋದು ಗಿಡ, ಸಂಘ ಅಲ್ಲಮ್ಮ’ ಅಂದರು. ನನ್ನ ಗೆಳತಿಯೊಬ್ಬಳು, ಅಭಿವೃದ್ಧಿ ಅನ್ನೋದು ಸಂಸ್ಕೃತ, ಸರ್ಕಾರಿ ಭಾಷೆ, ಅದು ಬೇಡವೇ ಬೇಡ ಅನ್ನುತ್ತಾಳೆ. ಫೋನಿನಲ್ಲಿ ನಿಘಂಟು ತೆಗೆದು ನೋಡಿದರೆ ಏಳಿಗೆ ಹೊಂದು, ವೃದ್ಧಿಯಾಗು, ಹುಲುಸಾಗಿ ಬೆಳೆ, ಮೆರೆ, ಕೊಬ್ಬು ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೊಟ್ಟಿದೆ. ಇವೆಲ್ಲ ಒಂದೇನಾ? ಯಾವುದನ್ನು ಬೇಕಾದರೂ ಹಾಕಬಹುದಾ? ನನ್ನ ವಾಕ್ಯ ನಿಜವಾಗಿಯೂ ತಪ್ಪಾ?

ಉತ್ತರ: ಅಚ್ಚಿಗೆ ಹೋಗುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಹತ್ತು ವರ್ಷ ಜೊತೆಗೆ ದುಡಿದ ಹೆಂಗಸರು ತಮ್ಮ ಬಗ್ಗೆಯೇ ಬರೆದ ಸಾಲನ್ನು ಓದುವಾಗ, ‘ಹೌದು, ಇದು ನಮ್ಮದೇ ಮಾತು’ ಅನಿಸಬೇಕು. ಒಂದು ಕ್ರಿಯಾಪದ ಆಚೀಚೆ ಆದರೆ ಆ ಅನಿಸಿಕೆ ಕೆಟ್ಟುಹೋಗುತ್ತದೆ. ನಿಮ್ಮ ಅಳುಕು ಅದೇ ಅಂತ ನನಗೆ ಅನಿಸಿತು.

ಮೊದಲು ತೀರ್ಪು ಹೇಳಿಬಿಡುತ್ತೇನೆ. ಮೇಷ್ಟ್ರು ಕೊಟ್ಟ ಕಾರಣವನ್ನು ನಾನು ಒಪ್ಪುವುದಿಲ್ಲ. ಸಂಘ ನಳನಳಿಸಬಹುದು. ಆದರೂ ಆ ವಾಕ್ಯದಲ್ಲಿ ಅವರಿಗೆ ಏನೋ ಚುಚ್ಚಿದ್ದು ನಿಜ, ನನಗೂ ಚುಚ್ಚಿತು. ತೊಡಕು ಇರುವುದು ‘ಹತ್ತು ವರ್ಷಗಳಿಂದ’ ಅನ್ನುವ ಮಾತಿನಲ್ಲಿ. ಯಾಕೆ ಅಂತ ಹೇಳಬೇಕಾದರೆ ಈ ಪದದ ಹತ್ತಿರ ಹೋಗಿ ನೋಡಬೇಕು.

ಬಿಸಿಲಿಗೆ ಬಾಡಿ ನಿಂತ ಒಂದು ಗಿಡವನ್ನು ನೆನಪಿಸಿಕೊಳ್ಳಿ. ಎಲೆಗಳು ಜೋತುಬಿದ್ದಿವೆ, ಮುಟ್ಟಿದರೆ ಬಟ್ಟೆಯ ಹಾಗೆ ಮೆತ್ತಗಿವೆ. ಸಂಜೆ ಬುಡಕ್ಕೆ ನೀರು ಹಾಕಿ, ಬೆಳಗ್ಗೆ ಎದ್ದು ನೋಡಿ. ಅದೇ ಎಲೆಗಳು ಬಿಗಿಯಾಗಿ ನಿಂತಿರುತ್ತವೆ, ಹಸಿರು ಮಿನುಗುತ್ತಿರುತ್ತದೆ. ‘ನೋಡು, ಹೇಗೆ ನಳನಳಿಸ್ತಿದೆ’ ಅಂತೀವಿ ಅಲ್ವಾ? ಆ ಒಂದು ರಾತ್ರಿಯಲ್ಲಿ ಗಿಡ ಬೆಳೆದದ್ದು ಅಷ್ಟರಲ್ಲೇ ಇದೆ. ಹೊಸ ಎಲೆ ಬಂದಿಲ್ಲ, ಹೂ ಬಿಟ್ಟಿಲ್ಲ. ಆದರೂ ನಳನಳಿಸುತ್ತಿದೆ. ಅಂದರೆ ಈ ಪದ ಬೆಳವಣಿಗೆಯನ್ನು ಹೇಳುವುದಿಲ್ಲ. ಒಳಗಿನ ಜೀವ ಹೊರಗೆ ಕಣ್ಣಿಗೆ ಕಾಣುವುದನ್ನು ಹೇಳುತ್ತದೆ. ತಾಜಾತನ, ಎಳೆತನ, ತುಂಬಿದ ಮೈ, ಒಂದು ಹೊಳಪು, ಇವೆಲ್ಲ ಸೇರಿದ ನೋಟ ಅದು. ನೋಡುವವನೊಬ್ಬ ಇರಲೇಬೇಕು. ‘ನೋಡು, ಹೇಗೆ’ ಅನ್ನುವ ಎರಡು ಮಾತು ಈ ಕ್ರಿಯಾಪದಕ್ಕೆ ಸಲೀಸಾಗಿ ಹೊಂದುವುದು ಅದಕ್ಕೇ.

ಹಾಗಾಗಿ ಗಿಡಕ್ಕೆ ಮಾತ್ರ ಅನ್ನುವುದು ಸರಿಯಲ್ಲ. ಜ್ವರ ಬಿಟ್ಟು ನಾಲ್ಕು ದಿನ ಚೆನ್ನಾಗಿ ಉಂಡ ಮಗುವನ್ನು ‘ನಳನಳಿಸುವ ಮಗು’ ಅನ್ನುತ್ತೇವೆ. ‘ನಳನಳಿಸುವ ಮುಖ’ ಅನ್ನುವುದೂ ಇದೆ. ಪದದ ಮನೆ ಗಿಡದಲ್ಲಿ, ಓಡಾಟ ಬೇರೆ ಕಡೆಗೂ ಉಂಟು. ಹೂವಿನಿಂದ ಹೊರಟ ‘ಅರಳು’ ಮುಖಕ್ಕೂ ಮನಸ್ಸಿಗೂ ಬಂದ ದಾರಿಯೇ ಇದು. ‘ಆಸೆ ಚಿಗುರಿತು’ ಅಂದಾಗ ಯಾರೂ ಚಿಗುರುವುದು ಮರ ಮಾತ್ರ ಅಂತ ತಕರಾರು ತೆಗೆಯುವುದಿಲ್ಲ.

ಪದ ಕಟ್ಟಿಕೊಂಡಿರುವ ಬಗೆಯೂ ಇದನ್ನೇ ಹೇಳುತ್ತದೆ. ಘಮಘಮ, ಥಳಥಳ, ಧಗಧಗ, ಇವನ್ನು ವ್ಯಾಕರಣದಲ್ಲಿ ಅನುಕರಣ ಪದಗಳು ಅನ್ನುತ್ತಾರೆ. ಕಿವಿಗೆ, ಕಣ್ಣಿಗೆ, ಮೂಗಿಗೆ ತಟ್ಟಿದ್ದನ್ನು ಜೋಡಿ ಸದ್ದಿನಲ್ಲಿ ಹಿಡಿಯುವ ಪದಗಳು. ಅವುಗಳ ಮುಂದೆ ‘ಇಸು’ ಸೇರಿದರೆ ಘಮಘಮಿಸು, ಥಳಥಳಿಸು, ಧಗಧಗಿಸು ಅಂತ ಕ್ರಿಯಾಪದ ಹುಟ್ಟುತ್ತದೆ. ನಳನಳಿಸು ಇದೇ ಬಳಗದ್ದು. ಈ ಬಳಗದವರೆಲ್ಲ ಆ ಕ್ಷಣಕ್ಕೆ ನಮ್ಮ ಮೇಲೆ ಆಗುವ ಅನುಭವವನ್ನು ಹೇಳುತ್ತಾರೆ. ‘ಮಲ್ಲಿಗೆ ಹತ್ತು ವರ್ಷಗಳಿಂದ ಘಮಘಮಿಸುತ್ತಿದೆ’ ಅಂದರೆ ಹೇಗೆ ಕೇಳಿಸುತ್ತದೆ? ನಿಮ್ಮ ವಾಕ್ಯದಲ್ಲಿ ಆಗಿದ್ದೂ ಅದೇ. ಈಗ, ಇಲ್ಲಿ, ಕಣ್ಣೆದುರು ಇರುವುದನ್ನು ಹೇಳುವ ಪದಕ್ಕೆ ಒಂದು ದಶಕದ ಭಾರ ಹೊರಿಸಿದಿರಿ. ‘ಹತ್ತು ವರ್ಷ ತುಂಬಿದ ನಮ್ಮ ಸಂಘ ಇವತ್ತಿಗೂ ನಳನಳಿಸುತ್ತಿದೆ’ ಅಂತ ಓದಿ ನೋಡಿ. ಭಾರ ಇಳಿಯಿತು. ವಯಸ್ಸಾದರೂ ಬಾಡಿಲ್ಲ ಅನ್ನುವ ಹೊಸ ಅರ್ಥವೂ ಸೇರಿಕೊಂಡಿತು.

‘ಇಸು’ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಬೇಕು. ಯಾಕೆಂದರೆ ನನ್ನ ಕೈಗೆ ಬರುವ ಕರಡುಗಳಲ್ಲಿ ಈ ತಪ್ಪು ಪದೇಪದೇ ಕಾಣುತ್ತದೆ. ಮಾಡು–ಮಾಡಿಸು, ಓದು–ಓದಿಸು ಅಂತ ರೂಢಿಯಾದ ಕಿವಿಗೆ ‘ಇಸು’ ಅಂದರೆ ಇನ್ನೊಬ್ಬರಿಂದ ಮಾಡಿಸುವುದು ಅಂತಲೇ ಅನಿಸುತ್ತದೆ. ಹಾಗಾಗಿ ‘ಮಳೆ ಪೈರನ್ನು ನಳನಳಿಸಿತು’ ಅಂತ ಬರೆಯುತ್ತಾರೆ. ಇದು ಸರಿಯಲ್ಲ. ನಳನಳಿಸುವುದು ಪೈರು ತಾನೇ ಮಾಡುವ ಕೆಲಸ, ಯಾರಿಗೂ ಯಾವುದಕ್ಕೂ ಮಾಡುವುದಲ್ಲ. ಧಗಧಗಿಸುವುದು ಬೆಂಕಿ, ಬೆಂಕಿಯನ್ನು ಯಾರೂ ಧಗಧಗಿಸುವುದಿಲ್ಲ. ಮಳೆಯಿಂದ ಆಯಿತು ಅಂತ ಹೇಳಬೇಕಾದರೆ ‘ಮಳೆ ಬಿದ್ದು ಪೈರು ನಳನಳಿಸಿತು’ ಅಂದರೆ ಸಾಕು. ಚಿಗುರು, ಅರಳು, ಬೆಳೆ, ಇವುಗಳಿಗೆ ಚಿಗುರಿಸು, ಅರಳಿಸು, ಬೆಳೆಸು ಅನ್ನುವ ರೂಪ ಉಂಟು. ನಳನಳಿಸುವುದಕ್ಕೆ ಆ ಸೌಲಭ್ಯ ಇಲ್ಲ.

ಇನ್ನು ಫೋನಿನ ನಿಘಂಟಿನ ಸಾಲು. ನಿಘಂಟು ಸುಳ್ಳು ಹೇಳಿಲ್ಲ. ಆದರೆ ಎರಡು ಪದಗಳ ಮಧ್ಯೆ ಒಂದು ಅಲ್ಪವಿರಾಮ ಇಟ್ಟರೆ ಓದುವವರು ಅದನ್ನು ‘ಸಮ’ ಅಂತ ತಿಳಿಯುತ್ತಾರೆ. ಅದರ ನಿಜವಾದ ಅರ್ಥ ‘ಹತ್ತಿರ’ ಅಂತ ಮಾತ್ರ. ಸಾಧ್ಯವಾದರೆ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟನ್ನು ತೆಗೆದು ನೋಡಿ. ಅದರಲ್ಲಿ ಅರ್ಥದ ಜೊತೆಗೆ ಆ ಪದ ಹಳೆಯ ಕಾವ್ಯ, ಶಾಸನಗಳಲ್ಲಿ ಹೇಗೆ ಬಂದಿದೆ ಅನ್ನುವ ಸಾಲುಗಳೂ ಇರುತ್ತವೆ. ಪದದ ಸ್ವಭಾವ ಗೊತ್ತಾಗುವುದು ಆ ಸಾಲುಗಳಿಂದ.

ನಾನು ಕರಡು ತಿದ್ದುವಾಗ ಇದಕ್ಕಿಂತ ಸುಲಭದ ಒಂದು ದಾರಿ ಹಿಡಿಯುತ್ತೇನೆ. ಸರಿಯಾದ ಪದ ಹೊಳೆಯದಿದ್ದರೆ, ಆ ವಿಷಯ ಕೆಟ್ಟಾಗ ಏನು ಹೇಳುತ್ತೇವೆ ಅಂತ ಕೇಳಿಕೊಳ್ಳುತ್ತೇನೆ. ಕೆಟ್ಟ ಸುದ್ದಿಗೆ ಪದ ಬೇಗ ಬಾಯಿಗೆ ಬರುತ್ತದೆ. ಮುಖ ಬಾಡಿತು ಅನ್ನುತ್ತೇವೆ, ಹಾಗಾದರೆ ಮುಖ ನಳನಳಿಸಬಹುದು, ಅರಳಬಹುದು. ಆಸೆ ಕಮರಿತು ಅನ್ನುತ್ತೇವೆ, ಹಾಗಾಗಿ ಆಸೆ ಚಿಗುರುತ್ತದೆ. ದೇಹ ಸೊರಗಿತು, ಹೊಳೆ ಸೊರಗಿತು ಅನ್ನುತ್ತೇವೆ, ಅವೆರಡೂ ಮೈದುಂಬುತ್ತವೆ. ವ್ಯಾಪಾರ ಬಿದ್ದುಹೋಯಿತು ಅನ್ನುತ್ತೇವೆ. ಬಿದ್ದದ್ದು ಏಳಬೇಕು, ಅದಕ್ಕೆ ಏಳಿಗೆ. ಮನೆತನ ಅಳಿಯಿತು ಅಂದರೆ ಅದರ ಎದುರಿಗೆ ನಿಲ್ಲುವ ಪದ ‘ಬಾಳು’. ಈಗ ನಿಮ್ಮ ಸಂಘಕ್ಕೆ ಇದನ್ನು ಹಿಡಿದು ನೋಡಿ. ಸದಸ್ಯರು ಬರುವುದು ಕಡಿಮೆಯಾಗಿ, ಸಭೆ ಸಪ್ಪೆಯಾಗಿದ್ದರೆ ‘ಸಂಘ ಸೊರಗಿದೆ’ ಅನ್ನುತ್ತಿದ್ದಿರಿ ಅಲ್ವಾ? ಸೊರಗುವುದು ಜೀವ ಇರುವ ಮೈಗೆ ಆಗುವಂಥದ್ದು. ಸಂಘ ಸೊರಗಬಹುದಾದರೆ ನಳನಳಿಸಲೂಬಹುದು. ಮೇಷ್ಟ್ರಿಗೆ ಇದಿಷ್ಟನ್ನು ಹೇಳಿ, ಒಪ್ಪಿಯಾರು.

ಏಳಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಮ್ಮ ವಾಕ್ಯಕ್ಕೆ ಅತಿ ಹತ್ತಿರದ ಪದ ಅದೇ. ಉಡು–ಉಡುಗೆ, ಹೊಲಿ–ಹೊಲಿಗೆ ಆದ ಹಾಗೆ ಏಳು–ಏಳಿಗೆ. ಬಿದ್ದಲ್ಲಿಂದ ಅಥವಾ ಕೂತಲ್ಲಿಂದ ಮೇಲೆದ್ದ ಚಿತ್ರ ಅದರೊಳಗೆ ಇದೆ. ಏಳುಬೀಳು ಅನ್ನುವ ಜೋಡಿಯಲ್ಲಿ ಇರುವುದೂ ಈ ಏಳು. ಹಾಗಾಗಿ ಏಳಿಗೆ ಅಂದಾಗ ಹಿಂದೆ ಒಂದು ಕೆಳಗಿನ ಮೆಟ್ಟಿಲು ಇತ್ತು, ಕಷ್ಟ ಇತ್ತು ಅನ್ನುವುದು ತಾನಾಗಿ ಧ್ವನಿಸುತ್ತದೆ. ನಳನಳಿಸು ಅನ್ನುವಾಗ ಈ ಹಿಂದಿನ ಕತೆ ಇಲ್ಲ. ಏಳಿಗೆಗೆ ವರ್ಷಗಳು ಬೇಕು, ಅದು ಕಾಲವನ್ನು ಹೊರಬಲ್ಲ ಪದ. ‘ಹತ್ತು ವರ್ಷಗಳಲ್ಲಿ ಸಂಘ ಏಳಿಗೆ ಕಂಡಿದೆ’ ಅಂದರೆ ಎಲ್ಲೂ ತಡೆಯುವುದಿಲ್ಲ. ಅದರ ತೊಂದರೆ ಒಂದೇ, ಅದು ನಾಮಪದ. ಆಗು, ಹೊಂದು, ಕಾಣು ಇವುಗಳಲ್ಲಿ ಒಂದರ ಕೈ ಹಿಡಿಯಲೇಬೇಕು. ‘ಹೊಂದು’ ಬಂದ ಕೂಡಲೇ ವಾಕ್ಯಕ್ಕೆ ವರದಿಯ ವಾಸನೆ ಬರುತ್ತದೆ. ನಾನಾದರೆ ‘ಏಳಿಗೆಯಾಗಿದೆ’ ಅಥವಾ ‘ಏಳಿಗೆ ಕಂಡಿದೆ’ ಅಂತ ಇಡುತ್ತೇನೆ. ಏಳ್ಗೆ ಅಂತಲೂ ಬರೆಯುತ್ತಾರೆ, ಅದೂ ಸರಿ. ಒಂದೇ ಪುಸ್ತಕದಲ್ಲಿ ಎರಡೂ ಬೇಡ, ಅಷ್ಟೇ.

‘ಬಾಳು’ ನನಗೆ ತುಂಬಾ ಇಷ್ಟದ ಪದ. ಬದುಕು ಮತ್ತು ಬಾಳು ಒಂದೇ ಅಂತ ಶಾಲೆಯಲ್ಲಿ ಸಮಾನಾರ್ಥಕವಾಗಿ ಬರೆಸುತ್ತಾರೆ. ಆದರೆ ‘ಬಾಳಿ ಬದುಕಿದ ಮನೆ’ ಅನ್ನುವ ಮಾತು ಕೇಳಿದ್ದೀರಲ್ಲ? ಎರಡೂ ಪೂರ್ತಿ ಒಂದೇ ಆಗಿದ್ದರೆ ಎರಡನ್ನೂ ಹೇಳುವ ಅಗತ್ಯ ಇರಲಿಲ್ಲ. ಉಸಿರಾಡಿಕೊಂಡು ಇದ್ದರೆ ಬದುಕು. ಮಾನವಾಗಿ, ನಾಲ್ಕು ಜನಕ್ಕೆ ಬೇಕಾಗಿ, ಬಹಳ ಕಾಲ ಇದ್ದರೆ ಬಾಳು. ಬಟ್ಟೆ ಬಾಳಿಕೆ ಬರುತ್ತದೆ ಅನ್ನುವುದರಲ್ಲೂ ಈ ಬಹಳ ಕಾಲದ ಅರ್ಥವೇ ಇದೆ. ಹರಸುವಾಗ ‘ನೂರ್ಕಾಲ ಬಾಳಿ’ ಅನ್ನುತ್ತೇವೆ. ಸಂಘಕ್ಕೂ ಇದನ್ನು ಹೇಳಬಹುದು, ಆದರೆ ಹಾರೈಕೆಯಾಗಿ ಮಾತ್ರ. ‘ಸಂಘ ಹತ್ತು ವರ್ಷ ಬಾಳಿತು’ ಅಂದರೆ ಈಗ ಮುಚ್ಚಿಹೋಗಿದೆ ಅಂತ ಕೇಳಿಸೀತು, ಜೋಪಾನ.

ಹುಲುಸು, ಸೊಂಪು ಇವು ಮಣ್ಣಿನ ಪದಗಳು. ಹುಲುಸಾಗಿ ಅನ್ನುವಾಗ ಕಣ್ಣ ಮುಂದೆ ಬರುವುದು ಪ್ರಮಾಣ, ಹೇರಳವಾಗಿ ಬಂದದ್ದು. ಸೊಂಪಾಗಿ ಅನ್ನುವಾಗ ತಂಪು, ನೆರಳು, ನೋಡುವವರಿಗೆ ಆಗುವ ಹಿತ. ಬೆಳೆ ಹುಲುಸಾಗಿ ಬಂತು ಅನ್ನಬೇಕು, ಮರ ಸೊಂಪಾಗಿ ಬೆಳೆಯಿತು ಅನ್ನಬೇಕು. ಅದಲು ಬದಲು ಮಾಡಿದರೆ ತಪ್ಪು ಅಂತ ಯಾರೂ ಹೇಳಲಾರರು, ಆದರೂ ರುಚಿ ಸ್ವಲ್ಪ ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ: ಹುಲುಸು ಕೆಟ್ಟದ್ದಕ್ಕೂ ಸಲೀಸಾಗಿ ಹೋಗುತ್ತದೆ. ಕಳೆ ಹುಲುಸಾಗಿ ಬೆಳೆಯುತ್ತದೆ, ಲಂಚವೂ ಹುಲುಸಾಗಿ ಬೆಳೆಯುತ್ತದೆ. ಲಂಚ ನಳನಳಿಸುವುದಿಲ್ಲ. ನಳನಳಿಸುವುದನ್ನು ನೋಡಿದರೆ ಮನಸ್ಸಿಗೆ ಹಿತ ಆಗಬೇಕು.

ಕೊನರು ಅನ್ನುವ ಪದ ಮಾತಿನಲ್ಲಿ ಈಗ ಹೆಚ್ಚು ಕೇಳಿಸುವುದಿಲ್ಲ. 12ನೇ ಶತಮಾನದ ಬಸವಣ್ಣನವರ ವಚನದಲ್ಲಿ ಕೊರಡು ಕೊನರುವ ಮಾತು ಬಂದಿರುವುದರಿಂದ ಓದುಗರಿಗೆ ಪರಿಚಯ ಇದೆ. ಒಣಗಿ ಸತ್ತಂತಿದ್ದದ್ದು ಮತ್ತೆ ಚಿಗುರುವುದಕ್ಕೆ ಅದನ್ನು ಇಟ್ಟುಕೊಳ್ಳಿ. ನಿಮ್ಮ ಸಂಘ ನಡುವೆ ಎಲ್ಲಾದರೂ ನಿಂತೇಹೋಗಿ ಮತ್ತೆ ಶುರುವಾಗಿದ್ದರೆ, ಆ ಒಂದು ಪ್ಯಾರಾದಲ್ಲಿ ‘ಕೊನರಿತು’ ಅಂದರೆ ಚೆನ್ನ. ಸುಮ್ನೆ ಅಂದಕ್ಕಾಗಿ ಬೇಡ.

ಈಗ ನಿಮ್ಮ ಪಟ್ಟಿಯಲ್ಲಿ ಅಪಾಯ ಇರುವ ಪದಗಳಿಗೆ ಬರುತ್ತೇನೆ. ಮೆರೆ, ಕೊಬ್ಬು. ಇವುಗಳ ಜೊತೆಗೆ ಸೊಕ್ಕು, ಬೀಗು ಇವನ್ನೂ ಸೇರಿಸಿಕೊಳ್ಳಿ. ಇವೆಲ್ಲ ಶುರುವಾಗುವುದು ತುಂಬಿದ ಮೈಯಿಂದ, ಮುಗಿಯುವುದು ಗರ್ವದಲ್ಲಿ. ಕಾರಣ ದೂರ ಹುಡುಕಬೇಕಿಲ್ಲ. ಸಾರಜನಕದ ಗೊಬ್ಬರ ಜಾಸ್ತಿ ಬಿದ್ದ ಪೈರು ದಟ್ಟ ಹಸಿರಾಗಿ ಎಲೆಯಲ್ಲೇ ಬೆಳೆಯುತ್ತದೆ, ಕಾಳು ಸರಿಯಾಗಿ ಕಟ್ಟುವುದಿಲ್ಲ, ಗಾಳಿ ಬಂದರೆ ಮಲಗುತ್ತದೆ. ಅದನ್ನು ನೋಡಿದವರು ‘ಪೈರು ಸೊಕ್ಕಿದೆ’ ಅನ್ನುತ್ತಾರೆ. ಅದೇ ಮಾತು ಮನುಷ್ಯನಿಗೂ ಹತ್ತಿತು. ಬೀಗು ಅಂದರೆ ಊದಿಕೊಳ್ಳುವುದು, ಆಮೇಲೆ ಹೆಮ್ಮೆಯಿಂದ ಊದಿಕೊಳ್ಳುವುದು. ಕೊಬ್ಬಂತೂ ಇವತ್ತು ಬೈಗುಳವೇ ಆಗಿದೆ. ಹಳೆಯ ಅರ್ಥ ಏನೇ ಇರಲಿ, ಈಗ ಓದುವವರ ಕಿವಿಗೆ ಬೈಗುಳ ಕೇಳಿಸಿದರೆ ನಿಘಂಟು ನಿಮ್ಮನ್ನು ಕಾಪಾಡುವುದಿಲ್ಲ.

ಮೆರೆ ಇವುಗಳ ಪೈಕಿ ಮೋಸದ ಪದ, ಯಾಕೆಂದರೆ ಅದಕ್ಕೆ ಎರಡೂ ಮುಖ ಇನ್ನೂ ಜೀವಂತವಾಗಿವೆ. ಮೆರವಣಿಗೆ ಹುಟ್ಟಿದ್ದು ಅದರಿಂದಲೇ. ಸಾಮ್ರಾಜ್ಯ ವೈಭವದಿಂದ ಮೆರೆಯಿತು ಅಂದರೆ ಹೊಗಳಿಕೆ. ‘ಅವನು ಮೆರೀತಾ ಇದ್ದಾನೆ’ ಅಂದರೆ ಬೀಳುವ ದಿನ ಹತ್ತಿರ ಇದೆ ಅಂತ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ನುಡಿನಮನ ತಿದ್ದಿದ್ದೆ. ತೀರಿಕೊಂಡ ಹಿರಿಯರ ಬಗ್ಗೆ ‘ಇವರ ಕಾಲದಲ್ಲಿ ಮನೆತನ ಚೆನ್ನಾಗಿ ಬಾಳಿತು’ ಅಂತ ಬರೆದು ಕಳಿಸಿದ್ದರು. ನನಗೆ ಸಪ್ಪೆ ಅನಿಸಿ ‘ಮನೆತನ ಮೆರೆಯಿತು’ ಅಂತ ಮಾಡಿದೆ. ಅಚ್ಚಾದ ಮಾರನೇ ದಿನ ಅವರ ಮಗಳು ಫೋನ್ ಮಾಡಿದರು. ‘ನಮ್ಮಪ್ಪ ಒಂದು ದಿನಕ್ಕೂ ಮೆರೆದವರಲ್ಲ ಸಾರ್’ ಅಂದರು. ಬೈಯಲಿಲ್ಲ, ಜಗಳ ಮಾಡಲಿಲ್ಲ. ಆ ದನಿ ನನಗೆ ಇನ್ನೂ ಕೇಳಿಸುತ್ತದೆ. ಅಂದಿನಿಂದ ಇವತ್ತಿನವರೆಗೂ, ಬದುಕಿರುವ ಅಥವಾ ಈಚೆಗೆ ಹೋದ ಮನುಷ್ಯರ ಬಗ್ಗೆ ನಾನು ಮೆರೆ ಅನ್ನುವ ಪದ ಹಾಕಿಲ್ಲ.

ನಿಮ್ಮ ಗೆಳತಿಯ ಮಾತಿಗೂ ಉತ್ತರ ಕೊಡಬೇಕು. ಅಭಿವೃದ್ಧಿ ಸಂಸ್ಕೃತದಿಂದ ಬಂದದ್ದು ನಿಜ. ಆದರೆ ನಿನ್ನೆ ಮೊನ್ನೆ ಕಚೇರಿಯವರು ತಂದದ್ದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ರಾಜ್ಯವನ್ನು ಹೊಗಳುವ ಒಂದು ರೂಢಿಯ ಸಾಲು ಮತ್ತೆ ಮತ್ತೆ ಬರುತ್ತದೆ: ‘ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿಪ್ರವರ್ಧಮಾನಮಾಚಂದ್ರಾರ್ಕತಾರಂಬರಂ ಸಲುತ್ತಮಿರೆ’. ಸೂರ್ಯ, ಚಂದ್ರ, ತಾರೆ ಇರುವವರೆಗೂ ರಾಜ್ಯ ಮೇಲೆ ಮೇಲೆ ಬೆಳೆಯುತ್ತಾ ನಡೆದಿರಲು, ಅಂತ ಅರ್ಥ. ಅಭಿವೃದ್ಧಿಯೂ ಪ್ರವರ್ಧಮಾನವೂ ಅಲ್ಲಿ ಅಕ್ಕಪಕ್ಕ ಕೂತಿವೆ. ಒಂಬೈನೂರು ವರ್ಷಕ್ಕಿಂತ ಹಳೆಯ ಕನ್ನಡದ ಕಲ್ಲಿನ ಮೇಲೆ ಇರುವ ಪದವನ್ನು ಪರಕೀಯ ಅಂತ ಹೊರಗೆ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ಅಭಿವೃದ್ಧಿ ನಿಮ್ಮ ಮುನ್ನುಡಿಗೆ ಹೊಂದದೆ ಇರುವುದಕ್ಕೆ ಕಾರಣ ಬೇರೆ. ರಸ್ತೆ, ಕೆರೆ, ಬಡಾವಣೆ, ಪ್ರಾಧಿಕಾರ, ನಿಗಮ, ಇವುಗಳ ಜೊತೆ ಓಡಾಡಿ ಓಡಾಡಿ ಆ ಪದಕ್ಕೆ ಈಗ ಯೋಜನೆ, ಅನುದಾನ, ಲೆಕ್ಕಪತ್ರದ ಬಣ್ಣ ಬಂದಿದೆ. ಯಾರೋ ಮೇಲಿನವರು ಮಾಡಿಕೊಡುವಂಥದ್ದು ಅನ್ನುವ ಅರ್ಥ ಅದರೊಳಗೆ ಸೇರಿಕೊಂಡಿದೆ. ನಿಮ್ಮ ಸಂಘದವರು ತಾವೇ ಮಾಡಿಕೊಂಡದ್ದನ್ನು ಆ ಪದ ಹೇಳುವುದಿಲ್ಲ. ಸಂಚಿಕೆಯ ಕೊನೆಯಲ್ಲಿ ಉಳಿತಾಯ, ಸಾಲ, ಮರುಪಾವತಿಯ ಅಂಕಿ ಅಂಶ ಕೊಡುತ್ತೀರಲ್ಲ, ಆ ಪುಟದಲ್ಲಿ ಅಭಿವೃದ್ಧಿ ಇರಲಿ, ಅಲ್ಲಿ ಅದಕ್ಕೆ ಒಳ್ಳೆಯ ಜಾಗ.

ಉಳಿದವು ಬೇಗ ಮುಗಿಯುತ್ತವೆ. ಪ್ರವರ್ಧಮಾನಕ್ಕೆ ಬರು ಅನ್ನುವುದು ರಾಜವಂಶ, ಕಲೆ, ದೊಡ್ಡ ಸಂಸ್ಥೆಗಳಿಗೆ ಸರಿ. ಸಣ್ಣ ಸಂಘಕ್ಕೆ ಅಳತೆ ಮೀರಿದ ಅಂಗಿ. ಸಮೃದ್ಧಿ ತುಂಬಿರುವ ಸ್ಥಿತಿ, ಅದು ನಡೆಯುತ್ತಿರುವ ಬೆಳವಣಿಗೆಯನ್ನು ಹೇಳುವುದಿಲ್ಲ. ಉದ್ಧಾರ ಅಂದರೆ ಮೇಲೆತ್ತುವುದು. ಆದರೆ ಮನೆಮಾತಿನಲ್ಲಿ ‘ಉದ್ಧಾರ ಆದ ಹಾಗೇ ಇದೆ’ ಅಂತ ಬಯ್ಯುವುದಕ್ಕೇ ಅದನ್ನು ಬಳಸಿ ಬಳಸಿ ಪದ ನೊಂದಿದೆ. ವ್ಯಾಪಾರಕ್ಕೆ ‘ಕುದುರು’ ಬಹಳ ಸೊಗಸಾದ ಕನ್ನಡ. ವ್ಯಾಪಾರ ಕುದುರಿತು, ಬೇಡಿಕೆ ಕುದುರಿತು. ಅದು ಮಂದವಾಗಿದ್ದದ್ದು ಹದಕ್ಕೆ ಬಂದದ್ದನ್ನು ಮಾತ್ರ ಹೇಳುತ್ತದೆ, ತುಂಬಿ ತುಳುಕಿದ್ದನ್ನಲ್ಲ. ಸಭೆ, ಸಮಾರಂಭಕ್ಕೆ ‘ಕಳೆಗಟ್ಟಿತು’ ಅನ್ನಿ. ನಿಮ್ಮ ದಶಮಾನೋತ್ಸವದ ವರದಿಗೆ ಅದು ಬೇಕಾದೀತು.

ಈಗ ನಿಮ್ಮ ಮುಂದೆ ಮೂರು ದಾರಿ ಇವೆ. ಸಂಘದ ಇವತ್ತಿನ ಉತ್ಸಾಹವನ್ನು ತೋರಿಸಬೇಕಾದರೆ ‘ಹತ್ತು ವರ್ಷ ತುಂಬಿದ ನಮ್ಮ ಸಂಘ ಇವತ್ತಿಗೂ ನಳನಳಿಸುತ್ತಿದೆ’ ಅಂತ ಇಡಿ. ಇದರಲ್ಲಿ ಒಂದು ಜವಾಬ್ದಾರಿ ಇದೆ. ಓದುವವರು ಸಂಘವನ್ನು ಕಣ್ಣಾರೆ ಕಂಡವರು, ನಳನಳಿಕೆ ಅವರಿಗೂ ಕಾಣಬೇಕು. ಮುಂದಿನ ವಾಕ್ಯದಲ್ಲೇ ಅದನ್ನು ತೋರಿಸಿ. ಹೊಸದಾಗಿ ಸೇರಿದ ಹುಡುಗಿಯರು, ವಾರದ ಸಭೆಯಲ್ಲಿ ಕೂರಲು ಜಾಗ ಸಾಲದೆ ಇರುವುದು, ಏನಿದೆಯೋ ಅದು. ಬಂದ ದಾರಿಯನ್ನು ಹೇಳಬೇಕಾದರೆ ‘ಹತ್ತು ವರ್ಷಗಳಲ್ಲಿ ನಮ್ಮ ಸಂಘ ಏಳಿಗೆ ಕಂಡಿದೆ’ ಅನ್ನಿ. ಇದು ಭದ್ರವಾದ ವಾಕ್ಯ, ಯಾರೂ ಕೆಂಪು ಗೆರೆ ಎಳೆಯಲಾರರು, ಸ್ವಲ್ಪ ಸಪ್ಪೆ ಮಾತ್ರ. ಎರಡೂ ಬೇಕು ಅನಿಸಿದರೆ, ನನ್ನ ಮನಸ್ಸು ಇದರ ಕಡೆಗೆ: ‘ಐದಾರು ಜನರಿಂದ ಶುರುವಾದ ಸಂಘ ಬೇರು ಬಿಟ್ಟಿತು, ಚಿಗುರಿತು, ಹತ್ತು ವರ್ಷ ತುಂಬಿದ ಈ ಹೊತ್ತಿಗೆ ನಳನಳಿಸುತ್ತಿದೆ.’ ಎಷ್ಟು ಜನರಿಂದ ಶುರುವಾಯಿತು ಅನ್ನುವ ಲೆಕ್ಕವನ್ನು ನೀವೇ ಸರಿಮಾಡಿಕೊಳ್ಳಿ. ಬೇರು, ಚಿಗುರು, ನಳನಳಿಕೆ ಮೂರೂ ಒಂದೇ ಗಿಡದವು. ನಡುವೆ ‘ಅಭಿವೃದ್ಧಿ’ಯನ್ನೋ ‘ಪ್ರಗತಿಪಥ’ವನ್ನೋ ತಂದು ಗಿಡವನ್ನು ಕಡಿಯಬೇಡಿ.

ಇನ್ನೊಂದು ಸಣ್ಣ ವಿಷಯ. ನೀವು ಕಳಿಸಿದ ಕರಡಿನಲ್ಲಿ ‘ನಳ ನಳಿಸುತ್ತಿದೆ’ ಅಂತ ನಡುವೆ ಜಾಗ ಬಿಟ್ಟಿದ್ದೀರಿ. ಅದು ಒಂದೇ ಪದ, ಸೇರಿಸಿ ಬರೆಯಿರಿ. ಅಚ್ಚಿನ ಮನೆಗೆ ಕೊಡುವಾಗಲೂ ಹೇಳಿಬಿಡಿ, ಸಾಲಿನ ಕೊನೆಯಲ್ಲಿ ಪದ ಒಡೆದು ‘ನಳ’ ಒಂದು ಕಡೆ, ‘ನಳಿಸುತ್ತಿದೆ’ ಇನ್ನೊಂದು ಕಡೆ ಆಗದ ಹಾಗೆ ನೋಡಿಕೊಳ್ಳುತ್ತಾರೆ.